ಹಾಲಿನ ಕ್ಯಾಲೆಂಡರ್ ಹೇಳಿದ ಲೆಕ್ಕ

ಸಿದ್ಧಾರ್ಥನಗರದ ಆ ಮನೆಯಲ್ಲಿ ಎರಡು ದಿನದಿಂದ ತಾಯಿ ಮಗ ಮುಖ ಕೊಟ್ಟು ಮಾತಾಡಿರಲಿಲ್ಲ. ಕಾರಣ, ಫೋನಿಗೆ ಬಂದ ಒಂದು ಮೆಸೇಜು.

ಮಗ ಮಹದೇವು ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸಗಾರ. ಅವನ ಹೆಂಡತಿ ವರ್ಷಿಣಿ ಮಸ್ಕತ್ತಿನಲ್ಲಿ ನರ್ಸು. ಹಳೆಯ ಆಸ್ಪತ್ರೆಯ ಕರಾರು ಮುಗಿದು ಏಪ್ರಿಲ್‌ನಲ್ಲಿ ಊರಿಗೆ ಬಂದಿದ್ದಳು. ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಸೆಪ್ಟೆಂಬರ್ ಮೂರರಂದು ಮತ್ತೆ ವಿಮಾನ ಹತ್ತಿದ್ದಳು. ಎರಡು ವರ್ಷದ ಕರಾರಿಗೆ ಅವಳು ಈ ಗುರುವಾರದೊಳಗೆ ಸಹಿ ಹಾಕಬೇಕು. "ಹಾಕ್ಬೇಡ, ಬಂದ್ಬುಡು" ಎಂದು ಮಹದೇವು ಪಟ್ಟು ಹಿಡಿದಿದ್ದ.

ಶಿಫ್ಟ್ ಬಸ್ಸಿನಲ್ಲಿ ಅವನಿಗೆ ಬಂದ ಮೆಸೇಜು ಹೀಗಿತ್ತು: "ಸರ್ಕಾರ ಬದಲಾದರೆ ಹೊಸ ಕಾನೂನು! ವರ್ಷದಲ್ಲಿ 182 ದಿನ ಇಂಡಿಯಾದಲ್ಲಿ ಇದ್ದವರ ವಿದೇಶಿ ಸಂಬಳಕ್ಕೆಲ್ಲ ತೆರಿಗೆ. ಎಲ್ಲರಿಗೂ ಕಳಿಸಿ."

ಅವನ ತಾಯಿ ಚಾಮುಂಡೇಶ್ವರಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚು. ತೆರಿಗೆಯವರಿಗೆ ನಮ್ಮ ಸೊಸೆ ಎಷ್ಟು ದಿನ ಮನೆಯಲ್ಲಿದ್ದಳು ಅಂತ ಹೇಗೆ ಗೊತ್ತಾಗುತ್ತೆ? ನೂರ ಎಂಬತ್ತೆರಡೇ ಯಾಕೆ, ಇನ್ನೂರು ಯಾಕಲ್ಲ? ಕೇಳಿದರೆ ಮಗ ಸಿಡುಕುತ್ತಿದ್ದ. ಬುಧವಾರ ಸಂಜೆ ಪಕ್ಕದ ಮನೆಯ ಸೌಮ್ಯಶ್ರೀ ಕೆಲಸದಿಂದ ಬರುವುದನ್ನೇ ಗೇಟಿನಲ್ಲಿ ಕಾದು ನಿಂತರು. ಅವಳು ಚಾಮರಾಜಪುರಂನ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಮೆಲ್ಲಗೆ ಮಾತಾಡುವ ಹುಡುಗಿ.

"ಬಾ ಮಗ, ಕಾಫಿ ಕುಡ್ದು ಹೋಗು. ಒಂದ್ ವಿಷ್ಯ ಕೇಳ್ಬೇಕು."

ಒಳಗೆ ಕೂತಿದ್ದ ಮಹದೇವು ಒಲ್ಲದ ಮನಸ್ಸಿನಿಂದಲೇ ಫೋನು ಚಾಚಿದ. ಸೌಮ್ಯಶ್ರೀ ಮೆಸೇಜನ್ನು ಎರಡು ಸಲ ಓದಿದಳು.

"ಅಣ್ಣಾ, ಈ ನೂರ ಎಂಬತ್ತೆರಡು ದಿನದ ಲೆಕ್ಕ ಹೊಸದಲ್ಲ. ನಾನು ಹುಟ್ಟೋಕೆ ಮುಂಚಿಂದಾನೂ ಇದೆ. ಅಷ್ಟು ದಿನ ಇಲ್ಲಿರದೆ ಹೊರಗೆ ದುಡಿಯೋರು ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳು. ಅಲ್ಲಿ ದುಡಿದು ಅಲ್ಲೇ ತಗೊಂಡ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ."

ಚಾಮುಂಡೇಶ್ವರಿಗೆ ರೇಗಿತು. "ಅನಿವಾಸಿ ಅಂದ್ರೇನಮ್ಮ? ನನ್ ಸೊಸೆಗೇನು ಮನೆ ಇಲ್ವಾ? ರೇಷನ್ ಕಾರ್ಡಲ್ಲಿ ಹೆಸ್ರಿದೆ ಕಣಮ್ಮ!"

ಸೌಮ್ಯಶ್ರೀಗೆ ನಗು ಬಂತು. "ರೇಷನ್ ಕಾರ್ಡಿನ ಮಾತು ಬೇರೆ ಅಮ್ಮ. ತೆರಿಗೆಯವರು ನೋಡೋದು ಪಾಸ್‌ಪೋರ್ಟಿನ ಮುದ್ರೇನ. ಬಂದ ದಿನ, ಹೋದ ದಿನ ಅದರಲ್ಲೇ ಇರುತ್ತೆ."

"ಅದನ್ನೇ ನಾನೂ ಹೇಳ್ತಿರೋದು!" ಮಹದೇವು ಎದ್ದು ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಕಿತ್ತು ತಂದ.

ಅದು ಹಾಲಿನ ಕ್ಯಾಲೆಂಡರ್. ವರ್ಷಿಣಿಗೆ ಮೊಸರಿಲ್ಲದೆ ಅನ್ನ ಇಳಿಯದು. ಅವಳು ಮನೆಯಲ್ಲಿದ್ದ ದಿನಗಳಲ್ಲೆಲ್ಲ ಅರ್ಧ ಲೀಟರ್ ಹೆಚ್ಚು ಬರುತ್ತಿತ್ತು. ಆ ದಿನಗಳ ಮೇಲೆ ಅತ್ತೆ ನೀಲಿ ಪೆನ್ನಿನಲ್ಲಿ 'ವ' ಬರೆಯುತ್ತಿದ್ದರು.

"ನೋಡಿ, ಜನವರಿ ಹತ್ತರಿಂದ ಫೆಬ್ರವರಿ ಕೊನೇವರೆಗೂ ರಜೆ, ಐವತ್ತು ದಿನ. ಆಮೇಲೆ ಏಪ್ರಿಲ್ ಇಪ್ಪತ್ತರಿಂದ ಸೆಪ್ಟೆಂಬರ್ ಮೂರು, ನೂರ ಮೂವತ್ತೇಳು. ಒಟ್ಟು ನೂರ ಎಂಬತ್ತೇಳು! ಐದು ದಿನ ದಾಟ್ಬುಟ್ಟಿದೆ. ಅವ್ಳು ಅಲ್ಲಿ ದುಡ್ದಿದ್ದನ್ನ ಇಲ್ಲಿ ಕಟ್ಟೋದಾದ್ರೆ ಆ ಪರದೇಶ ಯಾಕೆ?"

ಚಾಮುಂಡೇಶ್ವರಿ ಕನ್ನಡಕ ಏರಿಸಿ ಕ್ಯಾಲೆಂಡರಿನ ಹಾಳೆಗಳನ್ನು ತಿರುವುತ್ತಿದ್ದರು. ಏಪ್ರಿಲ್‌ನಲ್ಲಿ ಅವರ ಬೆರಳು ನಿಂತಿತು. ಅಲ್ಲಿ 'ವ'ಗಳ ಮೇಲೆ ಇನ್ನೊಂದು ಬರಹ: 'ಮನೆ ಕಂದಾಯ ಕಟ್ಟಿದ್ದು.'

"ಸೌಮ್ಯಾ, ವರ್ಷ ಅಂದ್ರೆ ಯಾವ ವರ್ಷ? ಯುಗಾದಿಯಿಂದ ಯುಗಾದಿಗಾ, ಜನವರಿಯಿಂದ್ಲಾ? ನಮ್ ಕಂದಾಯದ ವರ್ಷ ಏಪ್ರಿಲ್‌ಗಲ್ವಾ ಶುರುವಾಗೋದು? ಆ ತಿಂಗಳೇ ಕಟ್ಟಿದ್ರೆ ರಿಯಾಯ್ತಿ ಕೊಡ್ತಾರೆ ಅಂತ ನಾನು ಓಡೋಡಿ ಹೋಗೋದು!"

ಸೌಮ್ಯಶ್ರೀ ಲೋಟ ಕೆಳಗಿಟ್ಟಳು. "ಅಮ್ಮಾ, ಅದೇ! ಇದೂ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರವರೆಗೆ. ಅಣ್ಣ ಎರಡು ವರ್ಷದ ದಿನಗಳನ್ನ ಕೂಡಿಬಿಟ್ಟಿದ್ದಾರೆ. ಆ ಐವತ್ತು ಹಿಂದಿನ ವರ್ಷಕ್ಕೆ ಹೋಯ್ತು. ಈ ವರ್ಷಕ್ಕೆ ನೂರ ಮೂವತ್ತೇಳೇ."

ಮಹದೇವು ಕ್ಯಾಲೆಂಡರನ್ನೇ ದಿಟ್ಟಿಸಿದ. ಆದರೂ ಅನುಮಾನ ಬಿಡಲಿಲ್ಲ. "ಆಯ್ತಮ್ಮ, ನಾಳೆ ಹೊಸ ಸರ್ಕಾರ ಬಂದು ಬದ್ಲಾಯಿಸಿದ್ರೆ? ಮಸ್ಕತ್ತಲ್ಲೂ ತೆರಿಗೆ ತರ್ತಾರಂತೆ."

"ಬದಲಾಯಿಸಬಹುದು. ಆದ್ರೆ ಭಾಷಣ ಮಾಡಿದ ಮಾತ್ರಕ್ಕೆ ಕಾನೂನಾಗಲ್ಲ ಅಣ್ಣ. ಸಂಸತ್ತು ಒಪ್ಪಬೇಕು, ರಾಷ್ಟ್ರಪತಿ ಸಹಿ ಬೀಳಬೇಕು, ಯಾವ ದಿನದಿಂದ ಜಾರಿ ಅಂತ ಬರೀಬೇಕು. ಮೆಸೇಜಲ್ಲಿ ಆ ದಿನ ಇದೆಯಾ?"

"ಇಲ್ಲ."

"ಮಸ್ಕತ್ತಿನ ಕಾನೂನಿಗೆ ಆ ದಿನ ಇದೆ, ನೋಡಿ. ಒಮಾನ್ ಸರ್ಕಾರ ಕಾನೂನು ಮಾಡಿದೆ, 2028ರಿಂದ. ಅದೂ ವರ್ಷಕ್ಕೆ ನಲವತ್ತೆರಡು ಸಾವಿರ ರಿಯಾಲ್ ದಾಟಿದೋರಿಗೆ. ಅಕ್ಕನ ಸಂಬಳ ಅಷ್ಟಿದೆಯಾ?"

"ಅದರ ಕಾಲು ಭಾಗಾನೂ ಇಲ್ಲ ಬುಡಿ!" ಮಹದೇವು ಎರಡು ದಿನದ ನಂತರ ಮೊದಲ ಸಲ ನಕ್ಕ.

"ಹಂಗಂತ ಮೈಮರೀಬೇಡಿ," ಎಂದಳು ಸೌಮ್ಯಶ್ರೀ. "ಮಾರ್ಚ್ ಮುಗಿಯೋವರೆಗೆ ಅಕ್ಕ ಇನ್ನು ನಲವತ್ತನಾಲ್ಕು ದಿನ ಬಂದಿರಬಹುದು, ಒಟ್ಟು ನೂರ ಎಂಬತ್ತೊಂದು ದಾಟಬಾರದು. ಊರಲ್ಲಿ ಬಾಡಿಗೆ, ಬಡ್ಡಿ ಅಂತ ದೊಡ್ಡ ಆದಾಯ ಇರೋರಿಗೆ ದಿನದ ಮಿತಿ ಇನ್ನೂ ಕಡಿಮೆ. ಮಿತಿ ದಾಟಿದ್ರೂ ಎಲ್ಲದಕ್ಕೂ ತೆರಿಗೆ ಬಿದ್ದೇಬಿಡುತ್ತೆ ಅಂತಲ್ಲ, ಆಗ ಆಡಿಟರ್ ಹತ್ರ ಕೂತು ನೋಡಬೇಕು. ಪ್ರತಿ ಬಜೆಟ್ ಆದಮೇಲೆ ಒಂದ್ಸಲ ಕೇಳಿ."

ಫೋನು ಹಚ್ಚಿದ್ದು ಮಹದೇವುವೇ. ಅತ್ತಲಿಂದ ವರ್ಷಿಣಿ ಹಲೋ ಎನ್ನುವ ಮೊದಲೇ, "ಸಹಿ ಹಾಕ್ಬುಡು ಕಣೇ, ತಪ್ಪು ನಂದೇ" ಎಂದ. ಆ ಕಡೆ ಅಳುವೋ ನಗುವೋ ತಿಳಿಯಲಿಲ್ಲ.

ಚಾಮುಂಡೇಶ್ವರಿ ಫೋನು ಕಿತ್ತುಕೊಂಡರು. "ವರ್ಷಿಣಿ, ಶಿವರಾತ್ರಿಗೆ ಬಾ. ನಲವತ್ತನಾಲ್ಕು ದಿನ ಇದೆಯಂತೆ, ನಾಲ್ಕು ಕೈಯಲ್ಲಿಟ್ಕೊಂಡು ನಲವತ್ತು ದಿನಕ್ಕೆ ರಜಾ ಕೇಳು. ಹಾಲಿನವನಿಗೆ ನಾನ್ ಹೇಳ್ತೀನಿ."

ಆಮೇಲೆ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿ, ಮಾರ್ಚ್ ಮೂವತ್ತೊಂದಕ್ಕೆ ಕೆಂಪು ಪೆನ್ನಿನಲ್ಲಿ ದಪ್ಪ ಗೆರೆ ಎಳೆದರು. ಹಿಂದಿನ ವರ್ಷದ ಲೆಕ್ಕ ಅಲ್ಲಿಗೆ ಮುಗಿದಿತ್ತು, ಈ ವರ್ಷದ್ದು ಅದರ ಮರುದಿನದಿಂದ.

ನಿಮ್ಮ ಮನೆಯವರೂ ಹೊರದೇಶದಲ್ಲಿ ದುಡಿಯುತ್ತಿದ್ದಾರೆಯೇ? ಹಾಗಿದ್ದರೆ ಅವರು ಬಂದ ದಿನ, ಹೋದ ದಿನವನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಪಾಸ್‌ಪೋರ್ಟಿನ ಮುದ್ರೆಯೊಂದಿಗೆ ತಾಳೆ ನೋಡಿ. ಏಪ್ರಿಲ್‌ನಿಂದ ಎಣಿಸಿ. ಸರ್ಕಾರ ಬದಲಾದಾಗ ಸುದ್ದಿ ಬಂದರೆ, ಅದು ಕಾನೂನಾಗಿದೆಯೇ, ಯಾವತ್ತಿನಿಂದ ಎಂದು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲೋ ಆಡಿಟರ್ ಬಳಿಯೋ ಕೇಳಿ ತಿಳಿಯಿರಿ. ಆಮೇಲೆ ಬೇಕಾದರೆ ಫೋನು ಮಾಡಿ, ಬಾ ಅನ್ನಿ, ಇಲ್ಲವೇ ಅಲ್ಲೇ ಇರು ಅನ್ನಿ. ತಿಳಿಯದೆ ಮಾತ್ರ ಯಾರ ಕೆಲಸವನ್ನೂ ಬಿಡಿಸಬೇಡಿ.