ಎದೆಗೂಡಿನ ಬಿಳಿ ಕಲೆ

ತಣ್ಣಗಿದೆ ತಗಡು, ಗದ್ದಕ್ಕೆ ತಾಗಿದ್ದೇ ತಡ ಮೈಯೆಲ್ಲ ಜುಮ್ಮೆಂದಿತು, ಹೊರಗೆ ಬಳ್ಳಾರಿಯ ಬಿಸಿಲು ಕಾದ ಹಂಚಾಗಿರುವಾಗ ಈ ಕತ್ತಲೆ ಕೋಣೆಯ ತಗಡಿಗೆ ಇಷ್ಟು ತಂಪು ಎಲ್ಲಿಂದ ಬಂತೋ ಶಿವನೇ, ಎದಿ ಒತ್ತಿ ನಿಲ್ರಿ, ಭುಜ ಮುಂದಕ್ಕ, ಎರಡೂ ಕೈ ಸೊಂಟದ ಮ್ಯಾಲೆ, ಹಾಂ ಹಂಗ, ಎಕ್ಸ್‌ರೇ ತೆಗೆಯುವ ಎರ್ರಿಸ್ವಾಮಿ ಬೆನ್ನ ಹಿಂದೆಲ್ಲೋ ನಿಂತು ಹೇಳುತ್ತಿದ್ದಾನೆ, ಪರಗಂಡಸು, ನನ್ನದೋ ಬರಿಬೆನ್ನು, ಹೋದ ಸಲ ಕುಪ್ಪಸ ಇರಲಿ ಬಿಡ್ರಿ ಅಂದಿದ್ದ, ಈ ಸಲ ಆಯಾ ಎಲ್ಲಮ್ಮ ಬಂದು ಕುಪ್ಪಸ ತೆಗೀಬೇಕಂತ ಅಕ್ಕಾರ, ಡಾಕ್ಟ್ರು ಹೇಳ್ಯಾರ, ಎಂದು ಹಿಂದೆ ಲಾಡಿ ಕಟ್ಟುವ ಬಿಳಿ ಅಂಗಿ ತೊಡಿಸಿಬಿಟ್ಟಳು, ಆ ಲಾಡಿಯೂ ಒಂದು ಹರಿದಿದೆ, ಮಾನ ಅನ್ನುವುದು ಒಂದು ಲಾಡಿಯ ಮೇಲೆ ನಿಂತಿದೆ. ಲೋಹ ಏನೂ ಇರಬಾರ್ದು ನೋಡ್ರಿ ಅಂದದ್ದಕ್ಕೆ ತಾಳಿ, ಬೆಳ್ಳಿ ಕರಡಿಗೆ ಎರಡೂ ಬಿಚ್ಚಿ ಇವರ ಕೈಗೆ ಕೊಟ್ಟೆ, ಹೊರಗೆ ಬೆಂಚಿನ ಮೇಲೆ ಇವರು ಅದನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದಾರೆ, ಆದರೆ ಕರಡಿಗೆಯೊಳಗಿನ ಲಿಂಗ ಅವರ ಹತ್ತಿರ ಇಲ್ಲ, ಇಲ್ಲಿದೆ, ನನ್ನ ಎಡಮುಷ್ಟಿಯಲ್ಲಿ, ವಸ್ತ್ರ ಸುತ್ತಿ ಹಿಡಿದಿದ್ದೇನೆ, ಯಾರಿಗೂ ಗೊತ್ತಿಲ್ಲ. ಜೀವ ಹೋದ್ರೂ ಲಿಂಗ ಮೈ ಬಿಟ್ಟಿರಬಾರ್ದು ಗುರುಬಸವ್ವ, ಸ್ನಾನದಾಗೂ ಬಿಡಬಾರ್ದು, ಹೆರಿಗ್ಯಾಗೂ ಬಿಡಬಾರ್ದು, ಕುರುಗೋಡಿನಿಂದ ನನ್ನನ್ನು ಗಂಡನ ಮನೆಗೆ ಕಳಿಸುವಾಗ ಅವ್ವ ಹೇಳಿದ್ದು ಇದೊಂದೇ ಮಾತು, ಉಳಿದದ್ದೆಲ್ಲ ಅತ್ತಿ ಹೇಳ್ಕೊಡ್ತಾಳ ಅಂದಳು, ಅತ್ತೆ ಹೇಳಿಕೊಟ್ಟಳು ಕೂಡ. ಹೋದ ಸಲ ಕುಪ್ಪಸವಿತ್ತು, ಲಿಂಗವನ್ನು ಕೊರಳೆಲುಬಿನ ಕೆಳಗೆ ಬಲಗಡೆ ಒಳಗೆ ಸಿಕ್ಕಿಸಿಕೊಂಡು ನಿಂತಿದ್ದೆ, ಈ ಹಾಳು ಅಂಗಿಗೆ ಸಿಕ್ಕಿಸಲು ಜಾಗವೇ ಇಲ್ಲ, ಅದಕ್ಕೇ ಮುಷ್ಟಿ.

ಉಸುರು ಎಳಕೊಳ್ರಿ, ಪೂರಾ, ಇನ್ನಾ, ಹಿಡೀರಿ — ಹಿಡಿದೆ, ಹಿಡಿಯುವುದು ನನಗೇನು ಹೊಸದೇ, ನಮ್ಮ ಮನೆಯಲ್ಲಿ ಉಸಿರು ಹಿಡಿಯುವುದನ್ನು ನಾನು ಎರಡು ತಿಂಗಳಿಂದ ನೋಡುತ್ತಿದ್ದೇನೆ, ಇವರ ಮುಖ, ಅಯ್ಯೋ ಆ ಮುಖ, ನನ್ನನ್ನು ಇಟ್ಟಿರುವ ಹಿತ್ತಲ ಕೋಣೆಯ ಬಾಗಿಲ ಮುಂದೆ ಹಾಯ್ದು ಬಚ್ಚಲಿಗೆ ಹೋಗುವಾಗೆಲ್ಲ ಮೂಗಿನ ಹೊಳ್ಳೆ ಬಿಗಿದು, ಎದೆ ಉಬ್ಬಿಸಿ, ಗಂಟಲ ಗಂಟು ಮೇಲೇರಿ ಅಲ್ಲೇ ನಿಂತು, ಕಣ್ಣು ನನ್ನ ಮೇಲೆ ಬೀಳದ ಹಾಗೆ ಗೋಡೆ ನೋಡುತ್ತ ನಾಲ್ಕು ಹೆಜ್ಜೆ ದಾಟಿ ಆಚೆ ಹೋಗಿ ಭುಸ್ಸೆಂದು ಬಿಡುವುದು, ನಾನು ನೋಡುತ್ತಿಲ್ಲ ಎಂದುಕೊಂಡಿದ್ದರು, ನಾನು ನೋಡುವುದು ಬಿಟ್ಟು ಆ ಕೋಣೆಯಲ್ಲಿ ಇನ್ನೇನು ಮಾಡಲಿ, ಅಕ್ಕಿ ಚೀಲ ಎಣಿಸಲೇ. ಇದೇ ಮನುಷ್ಯ ಮದುವೆಯಾದ ಹೊಸತರಲ್ಲಿ ನನ್ನ ಬೆನ್ನಿಗೆ ಕಿವಿ ಇಟ್ಟು ಮಲಗುತ್ತಿದ್ದರು, ಸಿರುಗುಪ್ಪದ ಹೈಸ್ಕೂಲಿನ ಸೈನ್ಸ್ ಮೇಷ್ಟ್ರಲ್ಲವೇ, ಮನೆಯಲ್ಲೂ ಪಾಠ, ಕೇಳು, ಈಗ ಗಾಳಿ ಮೂಗಿನಾಗ ಬಿಸಿ ಆತು, ಈಗ ಶ್ವಾಸನಾಳಕ್ಕ ಇಳೀತು, ಅದಕ್ಕ ಬಳಿ ಬಳಿ ಅದಾವ, ಇಲ್ಲಂದ್ರ ನೀ ಕುತಿಗಿ ಹೊಳ್ಳಿಸಿದಾಗ ಮುಚ್ಚಿಹೋಗ್ತಿತ್ತು, ಈಗ ಎರಡು ಕವಲು, ಕವಲಿಗೆ ಕವಲು, ತುದಿಗೆ ದ್ರಾಕ್ಷಿ ಗೊನಿ ಇದ್ದಂಗ ಗಾಳಿ ಚೀಲ, ಅದರ ಗೋಡಿ ಎಷ್ಟು ತೆಳ್ಳಗ ಅಂದ್ರ ರಕ್ತ ಗಾಳಿ ಮುಖಾಮುಖಿ ಮಾತಾಡ್ತಾವ, ಎಂದು ಬೆರಳಿನಿಂದ ಬೆನ್ನ ಮೇಲೆ ಬರೆಯುವರು, ನನಗೆ ಕಚಗುಳಿ, ನಗು, ಅತ್ತೆ ಆಚೆ ಕೋಣೆಯಿಂದ ಕೆಮ್ಮುವಳು. ಬಲಗಡಿ ಪುಪ್ಪುಸ ಮೂರು ಭಾಗ, ಎಡಗಡಿದು ಎರಡೇ, ಯಾಕ ಹೇಳು, ಹೃದಯಕ್ಕ ಜಾಗ ಬಿಟ್ಟುಕೊಟ್ಟೈತಿ, ಅನ್ನುವರು, ಆ ಮಾತು ನನಗೆ ಬಹಳ ಹಿಡಿಸಿತ್ತು, ಕುರುಗೋಡಿಗೆ ಹೋದಾಗ ಅವ್ವನಿಗೂ ಹೇಳಿದ್ದೆ, ಅವ್ವ ಎಡಗೈ ಎದೆಯ ಮೇಲಿಟ್ಟುಕೊಂಡು ಹೌದೇನು ಎಂದು ಬೆರಗಾಗಿದ್ದಳು. ಉಸುರು ಎಷ್ಟೊತ್ತು ಹಿಡೀಬಹುದ್ರಿ ಎಂದು ನಾನೇ ಕೇಳಿದ್ದೆ ಒಂದು ದಿನ, ಬಾಳೊತ್ತು ಬರಂಗಿಲ್ಲ, ಮೆದುಳಿನ ಬುಡಕ್ಕ ಒಂದು ಕಾವಲುಗಾರ ಅದಾನ, ರಕ್ತದಾಗ ಕೆಟ್ಟ ಗಾಳಿ ಹೆಚ್ಚಾತಂದ್ರ ನೀ ಒಲ್ಲೆ ಅಂದ್ರೂ ಬಿಡಿಸೇಬಿಡ್ತಾನ, ಹಟ ನಡೆಯಂಗಿಲ್ಲ. ನನ್ನ ಕಾವಲುಗಾರ ಈಗ ಬಡಿಯುತ್ತಿದ್ದಾನೆ, ಕಿವಿಯಲ್ಲಿ ಢಬಢಬ, ಮುಷ್ಟಿ ಬೆವೆತಿದೆ, ಬಿಡ್ರಿ, ಆತು, ಅಂದ ಎರ್ರಿಸ್ವಾಮಿ.

ಸೀರೆ ಉಟ್ಟು ಹೊರಗೆ ಬಂದರೆ ಬೆಂಚು ಖಾಲಿ, ಮೇಷ್ಟ್ರು ಚಹಾ ಕುಡಿಯಾಕ ಹೋದ್ರು, ಕುಂದರ್ರಿ ಅಕ್ಕಾರ, ಫಿಲ್ಮು ತೊಳೀಬೇಕು, ಅಂದಳು ಎಲ್ಲಮ್ಮ, ಕರಡಿಗೆ ಇವರ ಜೇಬಿನಲ್ಲೇ ಹೋಯಿತು, ಇರಲಿ, ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಾಳೆ, ನೋಡಬಾರದು, ನೋಡಿದೆ, ನನ್ನದು ಬತ್ತಿ ಎಷ್ಟೋ ದಿನವಾಯಿತು, ಮೊದಮೊದಲು ನನ್ನ ಕೂಸು ಒಳಮನೆಯಲ್ಲಿ ಅತ್ತರೆ ಇಲ್ಲಿ ಹಿತ್ತಲಲ್ಲಿ ನನ್ನ ಕುಪ್ಪಸ ತೊಯ್ದುಹೋಗುತ್ತಿತ್ತು, ಬಚ್ಚಲಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಹಿಂಡಿ ಚೆಲ್ಲುತ್ತಿದ್ದೆ, ಕಳ್ಳತನ ಮಾಡಿದ ಹಾಗೆ, ನೀರು ಹೊಯ್ದು ತೊಳೆದುಬಿಡುತ್ತಿದ್ದೆ, ಅತ್ತೆ ಅಲ್ಲಿ ಒಳಲೆಯಲ್ಲಿ ಆಕಳ ಹಾಲು ಹಾಕುತ್ತಿದ್ದಳು, ನನ್ನ ಕೂಸು ನುಂಗುವುದು, ಕಕ್ಕುವುದು, ಮತ್ತೆ ಅಳುವುದು. ಎಲ್ಲ ಒಂದು ಕೆಮ್ಮಿನಿಂದ. ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಅಕ್ಕಿ ಮಿಲ್ಲು, ಸುಗ್ಗಿ ಬಂತೆಂದರೆ ಹೊಟ್ಟಿನ ಧೂಳು ಅಂಗಳಕ್ಕೆಲ್ಲ ಹಾಸಿಗೆ ಹಾಸಿದಂತೆ ಬೀಳುತ್ತದೆ, ಬಾಣಂತಿತನ ಮುಗಿಸಿ ಬಂದವಳು ಕಸಬರಿಗೆ ಹಿಡಿದೆ, ಕೆಮ್ಮು ಹತ್ತಿತು, ಬಿಡಲಿಲ್ಲ, ಚನ್ನವೀರಮ್ಮನ ಸೊಸಿ ಸೊರಗ್ಯಾಳ ಎಂದು ಯಾರೋ ಅಂದರು, ಅತ್ತೆಗೆ ಅಷ್ಟು ಸಾಕಾಯಿತು, ಇವರು ಸತ್ಯನಾರಾಯಣಪೇಟೆಯ ಈ ಡಾಕ್ಟರರ ಹತ್ತಿರ ಕರೆತಂದರು, ಫಿಲ್ಮಿನಲ್ಲಿ ಬಂತು ಕಲೆ, ಬಲಗಡೆ ಮೇಲಿನ ಭಾಗದಲ್ಲಿ, ಅಡಿಕೆಯಷ್ಟು, ಬೆಳ್ಳಗೆ, ಕ್ಷಯ ಅಂದುಬಿಟ್ಟರು. ಮನೆಗೆ ಹೋದ ಮೇಲೆ ಇವರು ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದರು, ಇದು ಶ್ವಾಸನಾಳ, ಇವು ಪಕ್ಕೆಲುಬು, ಈ ಕಮಾನು ಐತೆಲ್ಲ ಇದು ವಪೆ, ಇದು ಕೆಳಗ ಇಳಿದ್ರ ಗಾಳಿ ಒಳಗ, ಮ್ಯಾಲೆ ಬಂದ್ರ ಹೊರಗ, ಇದು ಹೃದಯ, ಮತ್ತ ಇದು — ಬೆರಳು ಅಲ್ಲಿ ನಿಂತಿತು, ಕ್ಲಾಸಿನಲ್ಲಿ ನಿಲ್ಲುವ ಹಾಗೆ, ಇದು ನೋಡು — ಧ್ವನಿ ಮಾತ್ರ ಒಡೆಯಿತು, ಆಮೇಲೆ ನಿಧಾನಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು, ಆಗಲೇ ಮೊದಲ ಸಲ ಆ ಮುಖ, ಹೊಳ್ಳೆ ಬಿಗಿದು, ಗಂಟಲ ಗಂಟು ಮೇಲೇರಿ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವತ್ತೇ ನನ್ನ ತಾಟು, ಚಂಬು, ಕೌದಿ ಹಿತ್ತಲ ಕೋಣೆಗೆ ಬಂದವು, ಉಗುಳಲಿಕ್ಕೆ ಬೂದಿ ಹಾಕಿದ ಡಬ್ಬಿ, ದಿನಕ್ಕೊಂದು ಸೂಜಿ, ಕುಂಡೆ ಕಲ್ಲಾಯಿತು, ಹೊಟ್ಟೆ ತೊಳಸುವ ಗುಳಿಗೆ, ಉಗುಳು ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂದರು, ಸಿಗದಿದ್ರೇನು ಫಿಲ್ಮ್ ಸುಳ್ಳು ಹೇಳ್ತೈತೇನು ಅಂದರು ಡಾಕ್ಟರು, ಹೌದಲ್ಲ, ಫಿಲ್ಮು ಯಾಕೆ ಸುಳ್ಳು ಹೇಳೀತು, ನಾನೂ ನಂಬಿದೆ, ನಂಬಿ ಗೋಡೆಗೆ ಮುಖ ಮಾಡಿ ಮಲಗುವುದು ಕಲಿತೆ, ಯಾರಾದರೂ ಬಾಗಿಲಿಗೆ ಬಂದರೆ ಸೆರಗು ಬಾಯಿಗೆ, ಕೆಮ್ಮಿದ್ದಕ್ಕಲ್ಲ, ಉಸಿರಾಡಿದ್ದಕ್ಕೇ ನಾಚಿಕೆ, ಈ ಗಾಳಿ ನನ್ನೊಳಗೆ ಹೋಗಿ ಎಂಜಲಾಗಿ ಹೊರಗೆ ಬರುತ್ತದಲ್ಲ ಎಂದು ಸಣ್ಣಗೆ, ಸಣ್ಣಗೆ ಎಳೆದುಕೊಳ್ಳುತ್ತಿದ್ದೆ. ಈ ಸಲ ಆ ಬಿಳಿ ಕಲಿ ಹೋಗಿರ್ಲಿಲ್ಲಂದ್ರ ಆಕಿನ್ನ ಕುರುಗೋಡಿಗೆ ಬಿಟ್ಟು ಬಾ, ಕೂಸು ನಮ್ಮಲ್ಲೇ ಇರ್ಲಿ, ಇದು ನಿನ್ನೆ ಅತ್ತೆ ಇವರಿಗೆ ಹೇಳಿದ್ದು, ನನಗೆ ಕೇಳಲೆಂದೇ ಗಟ್ಟಿಯಾಗಿ, ಬೆಳಿಗ್ಗೆ ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವವರೆಗೂ ಕಾದೆ, ಇವರು ಏನಾದರೂ ಅಂದಾರು ಎಂದು, ಕಿಟಕಿ ತೆಗಿ ಗಾಳಿ ಬರ್ಲಿ, ಅಷ್ಟೇ ಅಂದರು.

ಗುರುಬಸವ್ವ ಯಾರ್ರಿ, ಒಳಗ ಬರ್ರಿ. ಇವರೂ ಬಂದರು, ಬಾಯಲ್ಲಿ ಚಹಾದ ವಾಸನೆ, ಡಾಕ್ಟರರ ಮೇಜಿನ ಹಿಂದೆ ಬೆಳಕಿನ ಪೆಟ್ಟಿಗೆ, ಅದರ ಮೇಲೆ ನಾನು, ಎರಡು ಸಲ, ಎಡಗಡೆ ಹಳೆಯ ನಾನು, ಬಲಗಡೆ ಇನ್ನೂ ನೀರು ತೊಟ್ಟಿಕ್ಕುತ್ತಿರುವ ಹೊಸ ನಾನು, ಕೋಣೆಯ ತುಂಬ ಗಂಡಸರು ನನ್ನ ಎಲುಬು ನೋಡುತ್ತಿದ್ದಾರೆ, ಎಲುಬಿಗೂ ಸೆರಗು ಹೊದಿಸುವ ಹಾಗಿದ್ದರೆ ಅನ್ನಿಸಿತು. ನೋಡ್ರಿ ಮೇಷ್ಟ್ರ, ಔಷಧ ಹೆಂಗ ಕೆಲಸ ಮಾಡೇತಿ, ಗುರುತು ಸೈತ ಇಲ್ಲ, ಎಷ್ಟು ಚೊಕ್ಕ ಆಗೇತಿ, ಡಾಕ್ಟರರು ಪೆನ್ನಿನಿಂದ ಹೊಸದರ ಬಲಗಡೆ ಬಡಿದರು, ನಿಜ, ಏನೂ ಇಲ್ಲ, ಪಕ್ಕೆಲುಬು, ಗಾಳಿ, ಅಷ್ಟೇ, ಇವರು ನಕ್ಕರು, ಎರಡು ತಿಂಗಳಲ್ಲಿ ಮೊದಲ ಸಲ, ನಕ್ಕು ನನ್ನ ಹತ್ತಿರ ಸರಿದು ನಿಂತರು, ಉಸಿರು ನನ್ನ ಕಿವಿಗೆ ಬಿಸಿಯಾಗಿ ತಾಗಿತು, ಕೇಳಿದೇನು, ಹೋತಂತ, ನಾನು ಹಳೆಯದನ್ನು ನೋಡುತ್ತಿದ್ದೆ. ಬೆಳ್ಳಗೆ, ಗುಂಡಗೆ, ಕೆಳಗೆ ಅಗಲ, ಮೇಲೆ ಸಣ್ಣಗೆ ಮೊನೆ, ಎಲ್ಲಿ ನೋಡಿದ್ದೇನೆ ಇದನ್ನು, ದಿನಾ ನೋಡುತ್ತೇನೆ, ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚಿ ನೋಡುತ್ತೇನೆ, ಅಯ್ಯೋ ನನ್ನಪ್ಪಾ, ಕೊರಳೆಲುಬಿನ ಕೆಳಗೆ, ಬಲಗಡೆ, ಕುಪ್ಪಸದೊಳಗೆ. ಮುಷ್ಟಿಯೊಳಗಿದ್ದದ್ದು ಕೆಂಡದಂತೆ ಸುಟ್ಟಿತು, ಕಿವಿಯವರೆಗೆ ಕಾವೇರಿತು, ಎಂಥ ಹೆಂಗಸು ನಾನು, ಎಂಥ ಪೆದ್ದಿ, ದೇವರನ್ನು ಬಚ್ಚಿಟ್ಟುಕೊಂಡು ಅದಕ್ಕೇ ಸೂಜಿ ಚುಚ್ಚಿಸಿಕೊಂಡವಳು, ಹತ್ತೂರಿಗೆ ಗೊತ್ತಾದರೆ ಬಾಯಿಗೆ ಸೆರಗು ಹಚ್ಚಿ ನಗುತ್ತಾರೆ, ಅಲ್ಲಲ್ಲ, ನಗುವುದಿಲ್ಲ, ಅತ್ತೆ ಹೇಳುತ್ತಾಳೆ, ಮೊದಲಾ ಹೇಳಾಕ ಏನಾಗಿತ್ತ ನಿನಗ, ಕೂಸಿನ ಹಾಲು ಕಿತ್ಕೊಂಡಾಕಿ ನೀನಾ, ಅದಕ್ಕೆ ನಾನೇನು ಹೇಳಲಿ. ಸುಮ್ಮನಿರುತ್ತೇನೆ, ಹೌದು, ಯಾಕೆ ಹೇಳಬೇಕು, ಕಲೆ ಹೋಯಿತು, ಔಷಧಕ್ಕೆ ಹೋಯಿತು, ಡಾಕ್ಟರರ ಮರ್ಯಾದೆ ಉಳಿಯಿತು, ಇವರದು ಉಳಿಯಿತು, ನನ್ನದೂ, ಸಂಜೆ ಬಸ್ಸಿಗೆ ಸಿರುಗುಪ್ಪ, ಕೂಸನ್ನು ಎತ್ತಿಕೊಳ್ಳುತ್ತೇನೆ, ಹಾಲಿಲ್ಲದಿದ್ದರೇನು ಎದೆಗೆ ಹಚ್ಚಿಕೊಳ್ಳುತ್ತೇನೆ, ಅದರ ನೆತ್ತಿ ಮೂಸುತ್ತೇನೆ, ಪೂರಾ ಉಸಿರೆಳೆದು.

ಆದ್ರ ಮೈಮರೀಬ್ಯಾಡ್ರಿ, ಅಂದರು ಡಾಕ್ಟರು ಬರೆಯುತ್ತಲೇ, ಸೂಜಿ, ಗುಳಿಗಿ ಬಿಡಂಗಿಲ್ಲ, ಈ ರೋಗ ಅಡಗಿ ಕುಂದರ್ತೈತಿ, ಇನ್ನೊಂದು ವರ್ಷ ಕೂಸಿನ್ನ ಈಕಿ ಹತ್ರ ಬಿಡಬ್ಯಾಡ್ರಿ, ಸಣ್ಣ ಪುಪ್ಪುಸ, ತಡಕೊಳ್ಳಂಗಿಲ್ಲ. ಆತ್ರೀ ಸಾರ್, ಅಂದರು ಇವರು, ತಡವಿಲ್ಲದೆ, ಆತ್ರೀ ಸಾರ್, ಕೂಸಿಗೆ ಆಗ ನಡೆಯಲು ಬಂದಿರುತ್ತದೆ, ಅತ್ತೆಯನ್ನು ಅವ್ವಾ ಅನ್ನುತ್ತಿರುತ್ತದೆ, ನನ್ನನ್ನು ಹಿತ್ತಲ ಕೋಣೆಯ ಹೆಂಗಸು ಅನ್ನುತ್ತದೆ, ಬಾಗಿಲ ಮುಂದೆ ಹಾಯುವಾಗ ಅಪ್ಪನನ್ನು ನೋಡಿ ಅದೂ ಕಲಿಯುತ್ತದೆ, ಪುಟ್ಟ ಮೂಗು ಬಿಗಿದು, ಪುಟ್ಟ ಎದೆ ಉಬ್ಬಿಸಿ — ಇಲ್ಲರೀ, ಅಂದೆ, ಯಾರು ಅಂದದ್ದು ಎಂದು ನಾನೇ ನೋಡಿದೆ, ಇಲ್ಲರೀ ಸಾಹೇಬ್ರ, ಅದು ರೋಗ ಅಲ್ಲ. ಎದ್ದೆ, ಬೆಳಕಿನ ಪೆಟ್ಟಿಗೆಯ ಹತ್ತಿರ ಹೋದೆ, ಮುಷ್ಟಿ ಬಿಚ್ಚಿದೆ, ಬೆರಳು ಮರಗಟ್ಟಿ ಒಂದೊಂದಾಗಿ ಬಿಚ್ಚಬೇಕಾಯಿತು, ವಸ್ತ್ರ ಸರಿಸಿದೆ, ಎರಡು ಬೆರಳಲ್ಲಿ ಲಿಂಗ ಹಿಡಿದು ಹಳೆಯ ಫಿಲ್ಮಿನ ಮುಂದೆ, ಬಲಗಡೆ, ಆ ಬಿಳಿ ಕಲೆಯ ಮೇಲೆ ಹಿಡಿದೆ, ಕಲೆ ಪೂರಾ ಮುಚ್ಚಿತು, ಕೆಳಗಿನ ಅಗಲಕ್ಕೆ ಅಗಲ, ಮೊನೆಗೆ ಮೊನೆ. ಆವತ್ತು ಇಲ್ಲಿಟ್ಕೊಂಡಿದ್ನಿರಿ, ಕುಪ್ಪಸದಾಗ, ಮೈಬಿಡಬಾರ್ದಂತ, ನಂದಾ ತಪ್ಪು. ಡಾಕ್ಟರು ಕನ್ನಡಕ ತೆಗೆದರು, ಹಾಕಿಕೊಂಡರು, ಫಿಲ್ಮಿನ ಹತ್ತಿರ ಬಂದರು, ಏನೋ ಗೊಣಗಿದರು, ಫಿಲ್ಮು ತಂದು ಬಾಗಿಲಲ್ಲೇ ನಿಂತಿದ್ದ ಎರ್ರಿಸ್ವಾಮಿ ಕರಡಿಗಿ ತೆಗೆದಿದ್ರಲ್ಲರಿ ಎಂದು ತಡವರಿಸಿದ, ನಾನು ಅವರನ್ನು ನೋಡಲಿಲ್ಲ, ಇವರನ್ನು ನೋಡಿದೆ. ಇವರು ಜೇಬಿಗೆ ಕೈ ಹಾಕಿ ಕರಡಿಗೆ ತೆಗೆದು ಮುಚ್ಚಳ ಬಿಚ್ಚಿದರು, ಖಾಲಿ, ಅವತ್ತೂ ಖಾಲಿಯೇ ಇತ್ತು, ಅವತ್ತೂ ಅಂಗೈಯಲ್ಲಿ ಹಿಡಿದು ಕೂತಿದ್ದರು, ಇಷ್ಟು ಹಗುರ ಯಾಕಿದೆ ಎಂದು ಒಂದು ಸಲ ಅನ್ನಿಸಲಿಲ್ಲ, ಪುಪ್ಪುಸದ ತೂಕ ಇಂತಿಷ್ಟು ಎಂದು ಕ್ಲಾಸಿನಲ್ಲಿ ಹೇಳುವ ಮನುಷ್ಯ, ಖಾಲಿ ಬೆಳ್ಳಿಯನ್ನು ನೋಡಿ, ಫಿಲ್ಮನ್ನು ನೋಡಿ, ನನ್ನನ್ನು ನೋಡಲಾರದೆ ಗೋಡೆ ನೋಡಿದರು. ನನಗೇ ಅವಮಾನವಾದ ಹಾಗಾಯಿತು, ಇವರ ನಾಚಿಕೆಯನ್ನೂ ನಾನೇ ಹೊರಬೇಕೇ, ರೀ, ಅನ್ನಬೇಕು, ಹೋಗ್ಲಿ ಬಿಡ್ರಿ, ಅನ್ನಬೇಕು. ಬಾಳೊತ್ತು ಹಿಡಿಯಾಕ ಬರಂಗಿಲ್ಲ, ಕಾವಲುಗಾರ ಅದಾನ, ಬಿಡಿಸೇಬಿಡ್ತಾನ, ಇವರೇ ಹೇಳಿಕೊಟ್ಟ ಪಾಠ, ಕಾದೆ, ಪೆಟ್ಟಿಗೆಯ ಬೆಳಕಿನಲ್ಲಿ ಆ ಮುಖ, ಮೂಗಿನ ಹೊಳ್ಳೆ ಬಿಗಿದು, ಎದೆ ಉಬ್ಬಿ, ಗಂಟಲ ಗಂಟು ಮೇಲೇರಿ ಅಲ್ಲೇ ನಿಂತು, ಕಣ್ಣು ಗೋಡೆಯ ಮೇಲೆ, ಬಿಡ್ರಿ ಎಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಹೊಳ್ಳೆ ಬಿಗಿದು, ಗಂಟಲ ಗಂಟು ಅಲ್ಲೇ ನಿಂತು —