ಸೀಸದಂಚಿನ ಲಂಗ

ಹಿಮದ ನಾಡಿನ ಒಂದು ವಿಶ್ವವಿದ್ಯಾಲಯದ ಹುಡುಗಿಯರು ಐಸ್ ಹಾಕಿ ತಂಡ ಕಟ್ಟಿದ್ದು ಮೊದಲ ಮಹಾಯುದ್ಧ ಮುಗಿದ ಮೇಲಿನ ಚಳಿಗಾಲವೊಂದರಲ್ಲಿ. ಹುಡುಗಿಯರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮಿಸ್ ಅಬರ್ನೆಥಿ ಒಂದೇ ಷರತ್ತಿನ ಮೇಲೆ ಒಪ್ಪಿದರು: ಲಂಗ ಪಾದ ಮುಚ್ಚಬೇಕು.

"ಕಾಲಲ್ಲಿ ಸ್ಕೇಟ್ ಇರತ್ತೆ ಮಿಸ್, ಎಡವಿ ಬೀಳ್ತೀವಿ," ಎಂದಳು ನಾಯಕಿ ಮ್ಯೂರಿಯಲ್.

"ಬಿದ್ರೆ ಮರ್ಯಾದೆಯಿಂದ ಬೀಳಿ."

ಗೋಲು ಕಾಯಲು ಯಾರೂ ಮುಂದೆ ಬರಲಿಲ್ಲ. ನಿಂತಲ್ಲೇ ನಿಂತು ಚಳಿ ತಿನ್ನಬೇಕು, ಮೇಲೆ ಚೆಂಡಿನ ಬದಲಿಗಿದ್ದ ರಬ್ಬರ್ ಬಿಲ್ಲೆಯ ಏಟು ಬೇರೆ. ಕೊನೆಗೆ ಎಲ್ಲರ ಕಣ್ಣು ಥೋರಾ ಐನಾರ್ಸನ್ ಮೇಲೆ ಬಿತ್ತು. ವಿನ್ನಿಪೆಗ್ ಸರೋವರದ ದಂಡೆಯಲ್ಲಿ ನೆಲೆನಿಂತ ಐಸ್‌ಲ್ಯಾಂಡ್ ಮೀನುಗಾರರ ಮನೆಯ ಹುಡುಗಿ. ಎತ್ತರದ ಗಟ್ಟಿ ಆಳು, ಮಾತು ಕಡಿಮೆ.

"ಅಣ್ಣಂದಿರ ಜೊತೆ ಆಡಿದೀಯಂತಲ್ಲೇ?" ಮ್ಯೂರಿಯಲ್ ಕೇಳಿದಳು.

"ಆಡಿದೀನಿ. ಅವ್ರ ಪ್ಯಾಂಟ್ ಹಾಕ್ಕೊಂಡು."

"ಅದನ್ನ ಮಿಸ್ ಮುಂದೆ ಬಾಯಿ ಬಿಡಬೇಡ ಮಾರಾಯ್ತಿ."

ಮೊದಲ ದಿನವೇ ಬಯಲಿನ ಗಾಳಿ ಲಂಗದೊಳಗೆ ತುಂಬಿಕೊಂಡು ಥೋರಾಳನ್ನು ಹಾಯಿದೋಣಿಯಂತೆ ಮಂಜುಗಡ್ಡೆಯ ಅಂಗಳದ ಆ ತುದಿಗೆ ಒಯ್ದುಬಿಟ್ಟಿತು. ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ ಅಜ್ಜಿಯ ಮುಂದೆ ಗೋಳು ಹೇಳಿಕೊಂಡಳು. ಅಜ್ಜಿ ನಗಲಿಲ್ಲ. ಹಳೆಯ ಮೀನುಬಲೆಯೊಂದರಿಂದ ಅದನ್ನು ಮುಳುಗಿಸುವ ಸೀಸದ ಗುಂಡುಗಳನ್ನು ಬಿಚ್ಚಿ ಲಂಗದ ಅಂಚಿನ ಸುತ್ತ ಒಳಗಿಟ್ಟು ಹೊಲಿದರು.

"ಇನ್ನು ಬಿರುಗಾಳಿ ಬಂದ್ರೂ ಅಲ್ಲಾಡಲ್ಲ, ಹೋಗು."

ಅಲ್ಲಾಡಲಿಲ್ಲ. ಹಿಮಕ್ಕೆ ತಾಗಿ ಗೋಡೆಯಂತೆ ನಿಂತ ಲಂಗಕ್ಕೆ ಬಡಿದ ಬಿಲ್ಲೆಗಳೆಲ್ಲ ಹಾಗೇ ವಾಪಸಾದವು. ಇಡೀ ಜನವರಿಯಲ್ಲಿ ಎದುರಾಳಿಗಳು ಹೊಡೆದದ್ದು ಒಂದೋ ಎರಡೋ ಗೋಲು. ಊರಿನ ಪತ್ರಿಕೆ ಅವಳ ಹದ್ದಿನ ಕಣ್ಣನ್ನು ಹೊಗಳಿತು. ಥೋರಾ ಒಳಗೊಳಗೇ ಉಬ್ಬಿದಳು. ನಿಜ ಹೇಳಬೇಕೆಂದರೆ, ಬಿಲ್ಲೆ ಹತ್ತಿರ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕಡೆಯ ಪಂದ್ಯ ಪಕ್ಕದ ಊರಿನ ಶಿಕ್ಷಕಿಯರ ಕಾಲೇಜಿನ ಮೇಲೆ. ಇಬ್ಬರದ್ದೂ ಒಂದೊಂದು ಗೋಲಾಗಿತ್ತು, ಆಟ ಮುಗಿಯುವ ಹೊತ್ತು. ಎದುರಾಳಿ ನಾಯಕಿ ಬೀಸಿ ಹೊಡೆದಳು. ಧಪ್ ಎಂಬ ಸದ್ದು. ಆಮೇಲೆ ಬಿಲ್ಲೆ ಯಾರ ಕಣ್ಣಿಗೂ ಬೀಳಲಿಲ್ಲ.

ರೆಫರಿ ಟಟಲ್ ಬ್ಯಾಂಕಿನ ಗುಮಾಸ್ತ, ಹೊಸದಾಗಿ ಮದುವೆಯಾದವ. ಗಾಬರಿಯಲ್ಲಿ ಆಟ ನಿಲ್ಲಿಸುವ ಸೀಟಿ ಊದುವುದನ್ನೇ ಮರೆತ.

"ಎಲ್ಲಮ್ಮಾ ಬಿಲ್ಲೆ?"

"ಇಲ್ಲೇ ಎಲ್ಲೋ ಇರ್ಬೇಕು ಸರ್."

"ಇಲ್ಲೇ ಅಂದ್ರೆ?"

ಥೋರಾ ತನ್ನ ಲಂಗದತ್ತ ನೋಡಿದಳು. ಟಟಲ್ ಆಕಾಶ ನೋಡಿದ.

"ಎತ್ತಿ ನೋಡ್ರೀ ಮತ್ತೆ," ಎಂದಳು ಎದುರಾಳಿ ನಾಯಕಿ.

"ನಾನಾ? ನನ್ನ ಹೆಂಡ್ತಿ ಅಲ್ಲೇ ಕೂತಿದಾಳೆ ಕಣಮ್ಮ."

ಬಿಲ್ಲೆ ತನ್ನ ಹಿಮ್ಮಡಿಗೆ ಒತ್ತುತ್ತಿರುವುದು ಥೋರಾಳಿಗೆ ತಿಳಿಯುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದರೆ ಅದೂ ಗೋಲಿನ ಗೆರೆ ದಾಟುತ್ತದೆ. ಅಲುಗಾಡದೆ ನಿಂತಳು. ಅಷ್ಟರಲ್ಲಿ ಮಿಸ್ ಅಬರ್ನೆಥಿ ಕೊಡೆ ಊರಿಕೊಂಡು ಅಂಗಳಕ್ಕೇ ಇಳಿದರು.

"ಯಾರೂ ಮುಟ್ಟಕೂಡದು. ನಾನು ನೋಡ್ತೀನಿ."

ನೋಡುವಷ್ಟು ಹತ್ತಿರ ಬಂದರು, ಜಾರಿದರು, ಕೈಗೆ ಸಿಕ್ಕ ಥೋರಾಳ ಲಂಗವನ್ನೇ ಹಿಡಿದುಕೊಂಡರು. ಕೊಡೆ, ಮಿಸ್, ಥೋರಾ, ಬಿಲ್ಲೆ ಎಲ್ಲ ಒಟ್ಟಿಗೆ ಹೋಗಿ ಗೋಲಿನ ಬಲೆಯೊಳಗೆ ಬಿದ್ದವು. ಬದುಕಿದೆಯಾ ಬಡಜೀವವೇ ಎಂದು ಟಟಲ್ ಗೋಲಿನ ಸೀಟಿ ಊದಿದ.

ವಿಶ್ವವಿದ್ಯಾಲಯದಿಂದ ತನ್ನನ್ನು ಓಡಿಸುವುದು ಖಂಡಿತ ಎಂದುಕೊಂಡಳು ಥೋರಾ. ಟೋಪಿ ಒಂದು ಕಿವಿಗೆ ಜಾರಿದ್ದ ಮಿಸ್ ಲಂಗದ ಅಂಚನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು.

"ಏನಿದು?"

"ಸೀಸ ಮಿಸ್. ಹಾರಬಾರ್ದು ಅಂತ ನಮ್ಮಜ್ಜಿ..."

"ನನ್ನ ಮಂಡಿ ಮೇಲೇ ಬಿತ್ತು." ಮಂಡಿ ತಿಕ್ಕಿಕೊಳ್ಳುತ್ತ ಅವರೇ ಹೇಳಿದರು, "ನಾಳೆಯಿಂದ ಪ್ಯಾಂಟ್ ಹಾಕ್ಕೊಳ್ರೇ."

ಸೋತದ್ದನ್ನು ಮರೆತು ಹುಡುಗಿಯರು ಕುಣಿದಾಡಿದರು. ಥೋರಾ ಮಾತ್ರ ಕುಣಿಯಲಿಲ್ಲ. ಅವಳಿಗಿದ್ದ ಭಯ ಮುಂದಿನ ಚಳಿಗಾಲದ ಮೊದಲ ಪಂದ್ಯದಲ್ಲೇ ನಿಜವಾಯಿತು: ಅವಳ ಕಾಲುಗಳ ನಡುವೆ ಏಳು ಗೋಲು. ನಾಚಿಕೆ ಬಿಟ್ಟು ಮಿಸ್ ಕೋಣೆಗೆ ಹೋದಳು.

"ನಂಗೊಬ್ಳಿಗೆ ಲಂಗ ಹಾಕ್ಕೊಳೋಕೆ ಬಿಡ್ತೀರಾ ಮಿಸ್?"

"ಬಿಡಲ್ಲ. ಮೊದಲು ಆ ಕಣ್ಣು ಮುಚ್ಕೊಳೋದನ್ನ ಬಿಡು. ಹೋದ ವರ್ಷದಿಂದ ನೋಡ್ತಾ ಇದೀನಿ."

ಥೋರಾ ಕಿವಿಯವರೆಗೂ ಕೆಂಪಾದಳು. ಮರುದಿನ ಬೆಳಗಿನ ಅಭ್ಯಾಸಕ್ಕೆ ಮಿಸ್ ಎರಡು ಸ್ವೆಟರ್ ಹಾಕಿಕೊಂಡು ಬಂದರು, ಅದರ ಮರುದಿನವೂ ಬಂದರು. ಹುಡುಗಿಯರು ಒಬ್ಬೊಬ್ಬರಾಗಿ ಥೋರಾಳಿಗೆ ಬಿಲ್ಲೆ ಹೊಡೆಯಬೇಕು, ಮಿಸ್ ಬೇಲಿಯಾಚೆಯಿಂದ ಕೂಗಬೇಕು:

"ಕಣ್ಣು ತೆಗಿ. ಕಾಲು ಕೂಡಿಸು. ಕಣ್ಣು, ಕಣ್ಣು."

"ಲಂಗಾನೇ ವಾಸಿ ಇತ್ತು ಕಣೇ," ಎಂದು ಥೋರಾ ಮ್ಯೂರಿಯಲ್ ಕಿವಿಯಲ್ಲಿ ಗೊಣಗುತ್ತಿದ್ದಳು.

ಫೆಬ್ರವರಿಯಲ್ಲಿ ಶಿಕ್ಷಕಿಯರ ಕಾಲೇಜಿನವರು ಮತ್ತೆ ಬಂದರು. ಕೊನೆಯ ಹೊಡೆತ ತನ್ನತ್ತ ಬರುವುದನ್ನು ಥೋರಾ ಪೂರ್ತಿ ಕಂಡಳು. ಕರ್ರಗೆ, ಪುಟ್ಟದಾಗಿ ಶುರುವಾಗಿ ದೊಡ್ಡದಾಗುತ್ತ ಬಂತು. ಮೊಣಕಾಲು ಒಡ್ಡಿದಳು. ಕಣ್ಣಲ್ಲಿ ನೀರು ಚಿಮ್ಮಿತು, ಆದರೆ ರೆಪ್ಪೆ ಮುಚ್ಚಲಿಲ್ಲ.

ಎರಡು-ಒಂದರಿಂದ ಗೆದ್ದರು. ಆ ಒಂದು ಗೋಲನ್ನು ಹೇಗೆ ತಡೆಯಬಹುದಿತ್ತೆಂದು ಮಿಸ್ ಅಬರ್ನೆಥಿ ರಾತ್ರಿಯೂಟ ಮುಗಿಯುವವರೆಗೂ ವಿವರಿಸುತ್ತಲೇ ಇದ್ದರು. ಥೋರಾ ಮೊಣಕಾಲಿಗೆ ಹಿಮದ ಗಡ್ಡೆ ಒತ್ತಿಕೊಂಡು, ಎರಡನೆಯ ತಟ್ಟೆ ಆಲೂಗಡ್ಡೆ ತಿನ್ನುತ್ತ ಕೇಳಿಸಿಕೊಂಡಳು.