ಅತ್ತೆ ಹೆಸರಿನ ಕರೆಂಟ್ ಬಿಲ್ಲು

"ಇವರನ್ನ ಕರ್ಕೊಂಡು ಬನ್ನಿ ಅಮ್ಮ," ಎಂದ ಆರ್‌ಟಿಒ ಆಫೀಸಿನ ಗುಮಾಸ್ತ, ನಮ್ಮ ಮನೆಯ ಕರೆಂಟ್ ಬಿಲ್ಲಿನ ಮೇಲೆ ಬೆರಳಿಟ್ಟು.

"ಯಾರನ್ನಪ್ಪ?"

"ಅಲಮೇಲಮ್ಮ ಅಂತಿದೆಯಲ್ಲ, ಇವರನ್ನ. ಮನೆ ಇವರ ಹೆಸರಲ್ಲಿದೆ, ಬಾಡಿಗೆ ಕರಾರಿಗೆ ಸೈನ್ ಹಾಕಿರೋದು ನೀವು."

"ಅವರು ನಮ್ಮತ್ತೆ. ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಎಲ್ಲಿಂದ ಕರ್ಕೊಂಡು ಬರ್ಲಿ?"

ಹಿಂದೆ ಸಾಲಿನಲ್ಲಿ ನಿಂತಿದ್ದವರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ವಾಂಜಿರು ಮಾತ್ರ ನಗಲಿಲ್ಲ. ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದಳು.

ವಾಂಜಿರು ಕೀನ್ಯಾದವಳು. ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಾಳೆ. ಮೊದಲು ಚೆನ್ನೈನಲ್ಲಿದ್ದಳು, ಅಲ್ಲಿ ಕೊಂಡ ಸ್ಕೂಟರನ್ನೇ ಇಲ್ಲಿಗೂ ತಂದಳು. ಬೇರೆ ರಾಜ್ಯದ ಗಾಡಿಯನ್ನು ಇಲ್ಲೇ ಇಟ್ಟುಕೊಂಡು ಓಡಿಸಬೇಕಾದರೆ ಇಲ್ಲಿನ ರೋಡ್ ಟ್ಯಾಕ್ಸ್ ಕಟ್ಟಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕಾಗಿದ್ದ ನನಗೂ ಗೊತ್ತಿರಲಿಲ್ಲ, ಬಿಡಿ. ಮೆಜೆಸ್ಟಿಕ್ ಹತ್ತಿರ ಆರ್‌ಟಿಒದವರು ಹಿಡಿದು ಗಾಡಿ ಒಳಗೆ ಹಾಕಿದರು. ಟ್ಯಾಕ್ಸ್ ಕಟ್ಟಿ, ಗಾಡಿಗೆ ಇಲ್ಲಿನ ವಿಳಾಸ ಬರೆಸಿಕೊಳ್ಳಲು ಇವತ್ತೇ ಕಡೇ ದಿನ. ತಪ್ಪಿದರೆ ಕೇಸು ಕೋರ್ಟಿಗೆ. ಕೋರ್ಟಿನಲ್ಲಿ ಕೇಸಿದ್ದರೆ ವೀಸಾ ಮುಂದುವರಿಯುವುದು ಕಷ್ಟ ಎಂದು ಕಾಲೇಜಿನವರು ಮೊದಲೇ ಹೇಳಿಬಿಟ್ಟಿದ್ದರು. ವೀಸಾ ಇರುವುದು ಈ ತಿಂಗಳ ಕೊನೆಯವರೆಗೆ, ಕಡೆಯ ಪರೀಕ್ಷೆ ಇರುವುದು ಬರುವ ತಿಂಗಳು.

"ಫಾರಿನ್‌ನವರು ಅಂದ್ರೆ ವಿಳಾಸ ಪಕ್ಕಾ ಇರ್ಬೇಕಮ್ಮ, ನನ್ನ ಕೈಲೇನೂ ಇಲ್ಲ," ಎಂದ ಗುಮಾಸ್ತ. ಪಾಪ, ಒರಟಾಗಿ ಹೇಳಲಿಲ್ಲ. "ನಿಮ್ಮತ್ತೆಗೆ ಬೇರೆ ವಾರಸುದಾರರು ಯಾರಿದಾರೆ?"

"ನನ್ನ ಮೈದುನ ಒಬ್ಬ ಇದಾನೆ."

"ಅವರು ಬಂದು ಒಪ್ಪಿಗೆ ಬರ್ಕೊಟ್ರೆ ತಗೋತೀನಿ. ಕೌಂಟರ್ ಮುಚ್ಚೋದ್ರೊಳಗೆ ಬರ್ಬೇಕು ಅಷ್ಟೆ."

ನಮ್ಮ ಬೀದಿಯಲ್ಲಿ ಅರ್ಧ ಮನೆಗಳ ಕರೆಂಟ್ ಬಿಲ್ಲು ಸತ್ತವರ ಹೆಸರಿಗೇ ಬರುತ್ತದೆ. ಹೆಸರು ಬದಲಿಸಬೇಕಾದರೆ ಪಾಲಿನ ಮಾತೆತ್ತಬೇಕು, ಪಾಲಿನ ಮಾತೆತ್ತಿದರೆ ಜಗಳ. ಅದಕ್ಕೇ ಎಲ್ಲರೂ ಬಾಯಿ ಮುಚ್ಚಿಕೊಂಡು ಬಿಲ್ಲು ಕಟ್ಟುತ್ತಿರುತ್ತಾರೆ. ನಾವೂ ಹಾಗೇ. ನನ್ನ ಯಜಮಾನರು ಹೋದ ಮೇಲೆ ಮೈದುನ ರಾಘವ ಮನೆಯನ್ನು ಬಿಲ್ಡರಿಗೆ ಕೊಡೋಣ ಎಂದ. ನನ್ನ ಹೆಣ ಹೋದ ಮೇಲೆ ಕೊಡು ಎಂದೆ. ಅವತ್ತಿನಿಂದ ವರ್ಷಕ್ಕೊಮ್ಮೆ ಅತ್ತೆಯ ಶ್ರಾದ್ಧಕ್ಕೆ ಬಂದು, ಎಲೆ ಮುಂದೆ ಕೂತು ಉಂಡು, ನನ್ನ ಮುಖವನ್ನೂ ನೋಡದೆ ಎನ್.ಆರ್. ಕಾಲೋನಿಗೆ ಹೋಗಿಬಿಡುತ್ತಾನೆ.

ಫೋನ್ ಮಾಡಿದೆ. ವಿಷಯವೆಲ್ಲ ಕೇಳಿಸಿಕೊಂಡು, "ಬರ್ತೀನಿ ಅತ್ತಿಗೆ," ಎಂದ. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು, ಅನುಮಾನ ಬಂತು.

ಕಾದೆವು. ಸಾಲು ಕರಗುತ್ತಾ ಬಂತು. ವಾಂಜಿರು ಬಾಗಿಲಿಗೂ ಕೌಂಟರಿಗೂ ಓಡಾಡಿದಳು. ಗುಮಾಸ್ತ ಒಂದೊಂದೇ ಕಡತ ಎತ್ತಿ ಬೀರುವಿಗೆ ಇಡಲು ಶುರುಮಾಡಿದ. "ಇನ್ನೊಂದ್ ಸ್ವಲ್ಪ ಹೊತ್ತು ಸ್ವಾಮೀ, ಬರ್ತಿದಾನೆ," ಎಂದು ಯಾರಿಗೂ ಕೈಮುಗಿಯದ ನಾನು ಕೈಮುಗಿದೆ.

ರಾಘವ ಬಂದ. ಕಂಕುಳಲ್ಲಿ ಒಂದು ಫೈಲು. ಅದರೊಳಗಿಂದ ಛಾಪಾ ಕಾಗದ ತೆಗೆದು ನನ್ನ ಮುಂದಿಟ್ಟ. ಮನೆಯನ್ನು ಬಿಲ್ಡರಿಗೆ ಕೊಡಲು ನನ್ನ ಒಪ್ಪಿಗೆ ಪತ್ರ.

"ನೀವು ಇದಕ್ಕೆ ಸೈನ್ ಹಾಕಿ, ನಾನು ನಿಮ್ಮ ಒಪ್ಪಿಗೆ ಕಾಗದಕ್ಕೆ ಹಾಕ್ತೀನಿ."

"ಹೊತ್ತು ನೋಡಿ ಹೊಡೀತಿದೀಯಲ್ಲೋ, ರಾಘವ!"

"ಇಷ್ಟು ವರ್ಷ ನಿಮಗೆ ಬಿಡುವಾಗ್ಲಿಲ್ಲ. ಇವತ್ತು ನನ್ನ ಅವಶ್ಯಕತೆ ಬಂತು. ನನ್ನದೂ ಮನೆ ತಾನೇ ಅದು?"

ಸುಳ್ಳಲ್ಲ ಅವನು ಹೇಳಿದ್ದು. ಅದಕ್ಕೇ ಇನ್ನೂ ಸಿಟ್ಟು ಬಂತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಈಗ ಯೋಚಿಸಿ ಏನು ಬಂತು?

ವಾಂಜಿರುಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ನನ್ನ ತೋಳು ಹಿಡಿದಳು. "ಬೇಡ ಆಂಟಿ. ಸೈನ್ ಮಾಡ್ಬೇಡಿ. ನಾನು ಊರಿಗೆ ಹೋಗ್ತೀನಿ."

"ಹೋಗಿ ಏನ್ ಮಾಡ್ತೀಯೇ? ಅರ್ಧ ನರ್ಸು ಅಂತ ಬೋರ್ಡ್ ಹಾಕ್ಕೋತೀಯಾ?"

ಅವಳ ಕಣ್ಣು ತುಂಬಿತು. ಗುಮಾಸ್ತ ಬೀರುವಿನ ಬಾಗಿಲು ಎಳೆದು ಚಿಲಕ ಹಾಕಿದ. ರಾಘವನ ಕೈಯಿಂದ ಪೆನ್ನು ಕಿತ್ತುಕೊಂಡೆ.

"ಓದಿ ನೋಡಿ ಅತ್ತಿಗೆ," ಎಂದ. ದನಿ ಮೆತ್ತಗಾಗಿತ್ತು. ನಾನು ಚೌಕಾಸಿ ಮಾಡುತ್ತೇನೆ, ಕೂಗಾಡುತ್ತೇನೆ ಎಂದು ತಯಾರಾಗಿ ಬಂದಿದ್ದನೇನೋ.

"ಓದೋದೇನಿದೆ? ಎಲ್ಲಿ ಹಾಕ್ಬೇಕು ಹೇಳು."

"ಒಬ್ಬ ಬಾಡಿಗೆ ಹುಡುಗಿಗೋಸ್ಕರ..."

"ಈ ಬಾಡಿಗೆ ಹುಡುಗಿ ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಬಂದು, ಆಂಟಿ ನಿದ್ದೆ ಬಂತಾ ಅಂತ ಕೇಳ್ತಾಳೆ ಕಣೋ. ಶ್ರಾದ್ಧದ ಊಟ ಉಂಡು ಹೋಗ್ತೀಯಲ್ಲ, ನಿನ್ನ ಬಾಯಲ್ಲಿ ಒಂದ್ಸಲನಾದ್ರೂ ಬಂತೇನೋ ಆ ಮಾತು?"

ರಂಗನಾಯಕಿ ಎಂದು ನನ್ನ ಹೆಸರು ಬರೆದು ಸಹಿ ಹಾಕಿದೆ. ರಾಘವ ತಲೆ ಬಗ್ಗಿಸಿ ನಮ್ಮ ಕಾಗದಕ್ಕೆ ಸಹಿ ಹಾಕಿ, ಫೈಲು ಎತ್ತಿಕೊಂಡು ಹೊರಟುಹೋದ.

ಗುಮಾಸ್ತ ಎಲ್ಲವನ್ನೂ ನೋಡಿದ್ದ. ಕುರ್ಚಿಗೆ ಮರಳಿ ಕಂಪ್ಯೂಟರ್ ಹಚ್ಚಿದ. ಟ್ಯಾಕ್ಸ್ ಕಟ್ಟಿಸಿಕೊಂಡು, ನಮ್ಮ ಮನೆಯ ನಂಬರು, ಬೀದಿ, ಚಾಮರಾಜಪೇಟೆ ಎಂದು ಗಟ್ಟಿಯಾಗಿ ಓದಿದ. "ಸರಿಯಾಗಿದೆಯೇನಮ್ಮ?" ಎಂದು ವಾಂಜಿರುವನ್ನು ಕೇಳಿದ.

"ಸರಿಯಾಗಿದೆ ಸರ್. ಅದೇ ನನ್ನ ಮನೆ," ಎಂದಳು.

ರಸೀದಿ ತೋರಿಸಿ ಸ್ಕೂಟರ್ ಬಿಡಿಸಿಕೊಂಡೆವು. ನಾನು ಹಿಂದೆ ಕೂತೆ. ಸ್ವಲ್ಪ ದೂರ ಬಂದ ಮೇಲೆ ಅವಳು ತಿರುಗದೆಯೇ ಕೇಳಿದಳು.

"ಆಂಟಿ, ಮನೆ ಒಡೆದ್ರೆ ನೀವೆಲ್ಲಿರ್ತೀರಾ?"

"ನಾನು ಇದೇ ಊರಲ್ಲಿ ಹುಟ್ಟಿದೋಳು ಕಣೇ. ನನಗ್ಯಾವ ವೀಸಾ ಬೇಕು? ನನ್ನನ್ನ ಯಾರು ಆಚೆ ಕಳಿಸ್ತಾರೆ? ನೀನು ರೋಡ್ ನೋಡು."

ಜಂಬದಿಂದಲೇ ಅಂದೆ. ನಮ್ಮ ಬೀದಿಗೆ ತಿರುಗಿ ಮನೆ ಕಂಡದ್ದೇ ತಡ, ಅಳು ತಡೆಯಲಾಗಲಿಲ್ಲ. ವಾಂಜಿರು ಗೇಟಿನ ಮುಂದೆ ಗಾಡಿ ನಿಲ್ಲಿಸಿ, "ಇಳೀರಿ ಆಂಟಿ, ಮನೆ ಬಂತು," ಎಂದಳು.

ನಾನು ಇಳಿಯಲಿಲ್ಲ.